ಹೊನ್ನಿಯ ಹೆಸರಿನಲ್ಲಿ ಹೋದ ಮರಿಗಳು

ನಾಯಿಯ ಸೊಂಟದ ಎಕ್ಸ್‌ರೇ ನೋಡದೆ ಒಂದು ಸಲವೂ ಮರಿ ಹಾಕಿಸದ ನಾಯಮ್ಮ, ಕೊನೆಗೆ ತನ್ನ ಸೊಂಟವನ್ನೇ ಮುರಿದುಕೊಂಡಳು. ಹಿತ್ತಲಿನ ಕಲ್ಲುಹಾಸಿನ ಮೇಲೆ ಸೋಪಿನ ನೀರು ಚೆಲ್ಲಿತ್ತು, ಕೈಯಲ್ಲಿ ತನ್ನ ನಾಯಿ ಹೊನ್ನಿಯ ಊಟದ ತಟ್ಟೆ ಇತ್ತು. ಜಾರಿ ಬೀಳುವಾಗಲೂ ತಟ್ಟೆ ಬಿಡಲಿಲ್ಲವಂತೆ.

"ಕೈ ಊರಿದ್ದರೆ ಇಷ್ಟು ಪೆಟ್ಟಾಗುತ್ತಿರಲಿಲ್ಲ," ಎಂದರು ಮೂಳೆ ಡಾಕ್ಟರು.

"ಊರಿದ್ದರೆ ಅವಳ ಊಟ ಮಣ್ಣುಪಾಲಾಗ್ತಿತ್ತು," ಎಂದಳು ನಾಯಮ್ಮ ಸ್ಟ್ರೆಚರಿನ ಮೇಲಿಂದಲೇ.

ನಾಯಮ್ಮ ಅನ್ನುವುದು ಬೀದಿಯವರು ಇಟ್ಟ ಹೆಸರು. ಮೊದಮೊದಲು ಬೆನ್ನ ಹಿಂದೆ ಆಡಿಕೊಂಡರು, ಆಮೇಲೆ ಎದುರಿಗೇ ಕರೆದರು. ಅವಳು ಓಗೊಟ್ಟಳು, ಅಲ್ಲಿಗೆ ಅಡ್ಡಹೆಸರೇ ಹೆಸರಾಯಿತು. ಲ್ಯಾಬ್ರಡಾರ್ ಜಾತಿಯ ನಾಯಿ ಸಾಕಿ, ಆ ಜಾತಿಗೆ ಬರುವ ಸೊಂಟದ ದೋಷ ಇಲ್ಲವೆಂದು ಎಕ್ಸ್‌ರೇಯಲ್ಲಿ ಖಾತ್ರಿ ಮಾಡಿಕೊಂಡು ಅಪರೂಪಕ್ಕೊಮ್ಮೆ ಮರಿ ಹಾಕಿಸಿ, ಮನೆ ನೋಡಿ ಜನ ನೋಡಿ ಕೊಡುವವಳು. ಒಂದು ನಾಯಿಗೆ ಜೀವಮಾನದಲ್ಲಿ ಎರಡೇ ಬಾಣಂತನ, ಅದು ಅವಳ ಕಾನೂನು. ಕೊಟ್ಟ ಮೇಲೂ ಮುಗಿಯಲಿಲ್ಲ. ಸಾಕೋಕಾಗದಿದ್ದರೆ ಬೀದಿಗೆ ಬಿಡಬೇಡಿ, ನನ್ನ ಬಾಗಿಲಿಗೆ ತನ್ನಿ ಎಂದು ಪ್ರತಿಯೊಬ್ಬರ ಹತ್ತಿರವೂ ಮಾತು ತೆಗೆದುಕೊಳ್ಳುತ್ತಿದ್ದಳು.

ಸೊಸೆಗೆ ನಾಯಿ ಹುಚ್ಚೇನೂ ಇರಲಿಲ್ಲ. ಅವಳು ಬೇಕರಿಯಲ್ಲಿ ಓವನ್ ನೋಡಿಕೊಳ್ಳುವವಳು. ಬೆಳಕು ಹರಿಯುವ ಮುಂಚೆ ಹೋಗಿ ಮಧ್ಯಾಹ್ನದ ಹೊತ್ತಿಗೆ ಮೈಯೆಲ್ಲ ಬ್ರೆಡ್ಡಿನ ವಾಸನೆ ಹೊತ್ತು ಬರುತ್ತಿದ್ದಳು. ಹೊನ್ನಿ ಅವಳ ಮೊಣಕೈ ನೆಕ್ಕಿ ನೆಕ್ಕಿ ಸುಸ್ತಾಗುತ್ತಿತ್ತು. ಅತ್ತೆಯ ಕೆಲಸದಲ್ಲಿ ಅವಳಿಗೆ ಹಿಡಿಸಿದ್ದು ಒಂದೇ, ಅವಸರ ಇಲ್ಲದ್ದು. "ಹಿಟ್ಟಾದರೂ ಅಷ್ಟೇ, ಹೊಟ್ಟೆಯಾದರೂ ಅಷ್ಟೇ. ಉಬ್ಬೋ ತನಕ ಕಾಯಬೇಕು," ಎನ್ನುತ್ತಿದ್ದಳು.

ಆಸ್ಪತ್ರೆಯಿಂದ ಬಂದ ನಾಯಮ್ಮನಿಗೆ ನಡುಮನೆಯಲ್ಲೇ ಮಂಚ ಹಾಕಿದರು. ಅದೇ ನಡುಮನೆಯ ಇನ್ನೊಂದು ಮೂಲೆಯಲ್ಲಿ, ಅಗಲವಾದ ಮರದ ಪೆಟ್ಟಿಗೆಯಲ್ಲಿ, ಹೊನ್ನಿ ತುಂಬು ಬಸುರಿ. ಮರಿಗಳನ್ನು ಹಿತ್ತಲಿನ ಶೆಡ್ಡಿಗೆ ತಳ್ಳುವ ಪದ್ಧತಿ ಆ ಮನೆಯಲ್ಲಿರಲಿಲ್ಲ.

"ಕುಕ್ಕರ್ ಕೂಗು, ಮಿಕ್ಸಿ ಸದ್ದು, ಮನುಷ್ಯರ ಜಗಳ ಎಲ್ಲ ಕೇಳಿಕೊಂಡೇ ಬೆಳೀಬೇಕು. ಆಮೇಲೆ ಯಾವ ಮನೆಗೆ ಹೋದರೂ ಹೆದರಲ್ಲ," ಎಂದಳು ನಾಯಮ್ಮ.

"ಜಗಳಕ್ಕೇನೂ ಕೊರತೆ ಆಗಲ್ಲ ಬಿಡಜ್ಜಿ," ಎಂದಳು ಕಾಲೇಜಿಗೆ ಹೋಗುವ ಮೊಮ್ಮಗಳು.

ಹೊನ್ನಿ ಹೆತ್ತ ದಿನ ನಾಯಮ್ಮನದು ಬಾಯಿ ಮಾತ್ರ, ಕೈ ಸೊಸೆಯದು. "ಟವೆಲ್ ತಗೋ. ಮೂಗು ಒರೆಸು. ಇನ್ನೂ ಜೋರಾಗಿ ಉಜ್ಜೇ, ಗಾಜಿನ ಗೊಂಬೆ ಅಲ್ಲ ಅದು!" ಕೊನೆಯ ಮರಿ ಉಸಿರೇ ಎಳೆಯಲಿಲ್ಲ. ಸೊಸೆ ಅಂಗೈ ಮೇಲೆ ಹಾಕಿಕೊಂಡು ಉಜ್ಜಿದಳು, ಉಜ್ಜಿದಳು, ಅತ್ತೆ "ಬಿಡು, ಹೋಯ್ತು" ಅಂದರೂ ಬಿಡಲಿಲ್ಲ. ಮರಿ 'ಕೀಂ' ಅಂದಿತು. ಐದು ಮರಿ, ಐದೂ ಬದುಕಿದವು. ಆ ದಿನದಿಂದ ಸೊಸೆ ಆ ಪೆಟ್ಟಿಗೆಯ ಮುಂದೆ ಹಾದು ಹೋಗುವಾಗಲೆಲ್ಲ ಎಣಿಸುವುದನ್ನು ಕಲಿತಳು.

ಮನೆಯ ಕೆಲಸ ಹಂಚಿಕೊಂಡರು. ಮೊಮ್ಮಗಳಿಗೆ ಅಜ್ಜಿಯ ಮಾತ್ರೆ ಮತ್ತು ಬಟ್ಟೆ. ಸೊಸೆಗೆ ಅಡುಗೆ, ಹೊನ್ನಿ, ಮರಿಗಳು. ಗಂಡ ಲಿಫ್ಟ್ ಮೆಕ್ಯಾನಿಕ್. ಯಾರ ಪಕ್ಷವನ್ನೂ ಹಿಡಿಯದ, ಎಲ್ಲಿ ನಿಲ್ಲಿಸಿದರೆ ಅಲ್ಲೇ ನಿಲ್ಲುವ ಮನುಷ್ಯ. ಅವನಿಗೆ ಸಾಮಾನು ತರುವುದು, ಅಮ್ಮನನ್ನು ಎತ್ತಿ ಕೂರಿಸುವುದು. ಉಳಿದದ್ದು ಅಮ್ಮನ ಫೋನು. ಅದನ್ನು ಮೈದುನ ತಾನಾಗಿಯೇ ತೆಗೆದುಕೊಂಡ.

ಮೈದುನ ಹಳೇ ಬೈಕು ಮಾರುವ ಅಂಗಡಿಯಲ್ಲಿದ್ದ. ಮಾತಿನಲ್ಲೇ ಮನೆ ಕಟ್ಟಿ, ಮಾತಿನಲ್ಲೇ ಬಾಡಿಗೆಗೆ ಕೊಡಬಲ್ಲವನು. ಊರಿಗೆಲ್ಲ ನೂರು ಪ್ರಶ್ನೆ ಕೇಳುವ ನಾಯಮ್ಮ ಈ ಕಿರಿಮಗನಿಗೆ ಒಂದು ಪ್ರಶ್ನೆಯನ್ನೂ ಕೇಳಿದವಳಲ್ಲ.

ಒಂದು ರಾತ್ರಿ ಊಟದ ಹೊತ್ತಿಗೆ ಅವನೇ ಶುರುಮಾಡಿದ. "ಅಮ್ಮನ ಫೋನಿಗೆ ದಿನಾ ಕರೆ. ಕಾಯ್ತಿರೋ ಜನ ಒಂದು ಬಸ್ಸಿಗಾಗೋಷ್ಟು, ಮರಿ ಐದು. ಬುದ್ಧಿ ಇದ್ದವನು ಏನು ಮಾಡ್ತಾನೆ ಅತ್ತಿಗೆ?"

"ಮೊಟ್ಟೆ ಆರ್ತಾ ಇದೆ, ತಿಂತಾನೆ."

"ತಮಾಷೆ ಬಿಡಿ. ನಮ್ಮ ಅಂಗಡೀಲಿ ಗಿರಾಕಿ ಕೇಳಿದ ಬೈಕ್ ಇಲ್ಲ ಅಂದ್ರೆ ಪಕ್ಕದ ಅಂಗಡಿಯಿಂದ ತಂದು ಮಾರ್ತೀವಿ. ಲ್ಯಾಬ್ರಡಾರ್ ಅಂದ್ರೆ ಲ್ಯಾಬ್ರಡಾರ್. ಎಲ್ಲಿಂದ ಬಂದರೇನು?"

"ಬೈಕಿಗೆ ತಾಯಿ ಇರಲ್ಲ ಕಣೋ," ಎಂದಳು ಮಂಚದಿಂದ ನಾಯಮ್ಮ.

"ಇದ್ದಿದ್ದರೆ ನೀನು ಅದರ ಸೊಂಟದ ಎಕ್ಸ್‌ರೇನೂ ಕೇಳ್ತಿದ್ದೆ."

ನಾಯಮ್ಮ ನಕ್ಕಳು, ನೋವಾಗಿ ಸೊಂಟ ಹಿಡಿದುಕೊಂಡು ಮತ್ತೂ ನಕ್ಕಳು. ಗಂಡನೂ ನಕ್ಕ. ಸೊಸೆ ಮಾತ್ರ ಮೈದುನನ ತಟ್ಟೆಗೆ ಬ್ರೆಡ್ಡು ಹಾಕುತ್ತಾ ಅವನ ಮುಖ ನೋಡಿದಳು. ಅವನು ತಮಾಷೆ ಮಾಡುತ್ತಿರಲಿಲ್ಲ.

ಮರಿಗಳಿಗೆ ಮೊದಲ ಲಸಿಕೆ ಹಾಕಿಸಿದ ವಾರ ಅದು. ಸೊಸೆ ಬೇಕರಿಯಿಂದ ಬಂದು ಹಿಂದಿನ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಸಾಮಾನು ಕೋಣೆಯೊಳಗಿಂದ ಕುಂಯ್‌ಗುಟ್ಟುವ ಸದ್ದು ಬಂತು. ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆಯೊಳಗೆ ಮೂರು ಮರಿ. ಒಂದನ್ನು ಎತ್ತಿದಳು. ಬೆನ್ನಿನ ಮೂಳೆ ಕೈಗೆ ಸಿಕ್ಕಿತು, ಹೊಟ್ಟೆ ಮಾತ್ರ ಬಲೂನಿನ ಹಾಗೆ. ಕಣ್ಣಿನ ತುಂಬ ಪಿಸರು, ಹಿಂಭಾಗವೆಲ್ಲ ಒದ್ದೆ. ಹೊನ್ನಿಯ ಮರಿಗಳು ಆಗಲೇ ಮನೆಯೆಲ್ಲ ಓಡಿ ಚಾಪೆಯ ಅಂಚು ಕಡಿಯುತ್ತಿದ್ದವು. ಇವು ನೆಟ್ಟಗೆ ಓಡಲೂ ಬಾರದ ಕೂಸುಗಳು. ತಾಯಿಯ ಹಾಲು ಬಾಯಲ್ಲಿರುವಾಗಲೇ ಯಾರೋ ಕಿತ್ತು ತಂದಿದ್ದರು.

ಮೈದುನ ಹಿಂದೆಯೇ ಬಂದ. "ಗಾಬರಿ ಆಗಬೇಡಿ ಅತ್ತಿಗೆ. ಸ್ನೇಹಿತನ ಮನೇದು. ಅವನು ಎಲ್ಲಿಗೋ ಹೋಗಿದಾನೆ, ಬಂದು ತಗೊಂಡು ಹೋಗ್ತಾನೆ."

"ತಾಯಿ ಎಲ್ಲಿ?"

"ಅವನ ಮನೇಲಿ."

"ಮನೇಲಿ ಯಾರೂ ಇಲ್ಲ, ತಾಯಿ ಇದೆ, ಮರಿ ಇಲ್ಲಿದೆ. ನೀನು ಆ ತಾಯೀನ ನೋಡಿದೀಯಾ?"

"ನೀವು ಬೇಕರಿ ಬಿಟ್ಟು ಪೊಲೀಸಿಗೆ ಸೇರಬೇಕಿತ್ತು."

"ಸೇರಿದ್ದರೆ ಮೊದಲು ನಿನ್ನ ಜೇಬು ನೋಡ್ತಿದ್ದೆ. ಸಂಜೆಯೊಳಗೆ ಈ ಪೆಟ್ಟಿಗೆ ಇಲ್ಲಿರಬಾರದು. ಇದಕ್ಕೆ ಏನಾದರೂ ರೋಗ ಇದ್ದರೆ ಹೊನ್ನಿ ಮರಿಗಳ ಗತಿ?"

ಅವಳು ಸ್ನಾನ ಮಾಡಿ, ಉಟ್ಟ ಬಟ್ಟೆಯನ್ನೆಲ್ಲ ಬಿಸಿನೀರಿಗೆ ಹಾಕಿ, ಆಮೇಲೆ ನಡುಮನೆಗೆ ಹೋದಳು. ಸಂಜೆ ನೋಡಿದರೆ ಪೆಟ್ಟಿಗೆ ಇರಲಿಲ್ಲ. "ಅಮ್ಮನ ಕಿವಿಗೆ ಹಾಕಬೇಡ. ನೋವಲ್ಲಿದಾಳೆ, ಬಿಪಿ ಏರುತ್ತೆ," ಎಂದು ಗಂಡ ಪಿಸುಗುಟ್ಟಿದ.

"ನಿಮ್ಮ ಲಿಫ್ಟು ಎರಡು ಮಹಡಿ ನಡುವೆ ನಿಂತಿದೆ ರೀ. ಬಾಗಿಲು ತೆಗೆದರೆ ಬರೀ ಗೋಡೆ," ಎಂದು ಅವಳು ನೇರ ಅತ್ತೆಯ ಮಂಚದ ಬಳಿಗೆ ಹೋಗಿ ಕಂಡದ್ದನ್ನು ಕಂಡ ಹಾಗೆ ಹೇಳಿದಳು.

ನಾಯಮ್ಮ ಸೂಪಿನ ಬಟ್ಟಲಿನಿಂದ ಕಣ್ಣು ಎತ್ತಲಿಲ್ಲ. "ಸ್ನೇಹಿತನ ಮರಿ ತಾನೇ? ಹೋಯಿತಲ್ಲ, ಬಿಡು. ನನ್ನ ಮಗ ಬಾಯಿಬಡುಕ. ಕಳ್ಳ ಅಲ್ಲ."

"ಅತ್ತೆ, ಹೊರಗಿನವರು ಯಾರಾದರೂ ಅಂಥ ಮರಿ ತಂದಿದ್ದರೆ ನೀವು ಸುಮ್ಮನೆ ಬಿಡ್ತಿದ್ರಾ?"

"ಹೊರಗಿನವರ ಮಾತು ಬೇರೆ," ಎಂದಳು ನಾಯಮ್ಮ. ಅಲ್ಲಿಗೆ ಮಾತು ನಿಂತಿತು. ಎರಡು ದಿನ ಅತ್ತೆ ಸೊಸೆ ಮಾತ್ರೆಯ ವಿಷಯ ಬಿಟ್ಟರೆ ಬೇರೆ ಮಾತಾಡಲಿಲ್ಲ.

ಮುಂದಿನ ವಾರ ಸೊಸೆಯ ರಜೆಯ ದಿನ, ಬೆಳಗಿನ ಹೊತ್ತು, ಗೇಟಿನ ಸದ್ದಾಯಿತು. ಖಾಕಿ ಅಂಗಿಯ ಬಸ್ ಡ್ರೈವರು. ಹಿಂದೊಮ್ಮೆ ಈ ಮನೆಯಿಂದ ಮರಿ ಒಯ್ದವನು. ಆ ನಾಯಿ ಮುದಿಯಾಗಿ, ಅವನ ಮಕ್ಕಳ ಮದುವೆ ನೋಡಿ, ಬಿಸಿಲಿಗೆ ಮಲಗಿದ್ದಲ್ಲೇ ಸತ್ತಿತ್ತು. ಈಗ ಅವನ ತೋಳಿನಲ್ಲಿ ಟವೆಲ್ಲು, ಟವೆಲ್ಲಿನೊಳಗೆ ಒಂದು ಪುಟ್ಟ ತಲೆ ನೇತಾಡುತ್ತಿತ್ತು.

"ನಾಯಮ್ಮ ಇದಾರಾ? ಮರಿಗೆ ನಿನ್ನೆಯಿಂದ ವಾಂತಿ. ಭೇದೀಲಿ ರಕ್ತ. ಎಷ್ಟು ಸಲ ಫೋನ್ ಮಾಡಿದರೂ ಯಾರೂ ಎತ್ತಲಿಲ್ಲ. ಏನಾದರೂ ಆದರೆ ಮೊದಲು ನನ್ನ ಹತ್ತಿರ ತನ್ನಿ ಅಂತ ಅವರು ಆವಾಗಲೇ ಹೇಳಿದ್ದರು, ಅದಕ್ಕೇ ಬಂದೆ."

"ಅಲ್ಲೇ ನಿಲ್ಲಿ ಅಣ್ಣ, ಗೇಟಿನಿಂದ ಒಳಗೆ ಬರಬೇಡಿ," ಎಂದಳು ಸೊಸೆ. "ಈ ಮರಿ ನಿಮಗೆ ಎಲ್ಲಿಂದ ಬಂತು?"

"ಎಲ್ಲಿಂದ ಅಂದ್ರೆ? ಇಲ್ಲಿಂದಲೇ. ಅಮ್ಮ ಹಾಸಿಗೆ ಹಿಡಿದಿದಾರೆ ಅಂತ ನಿಮ್ಮ ಮೈದುನನೇ ಬಸ್ ಸ್ಟ್ಯಾಂಡಿಗೆ ತಂದುಕೊಟ್ಟ. ಈ ಸಲ ಒಂದು ಪ್ರಶ್ನೇನೂ ಕೇಳಲಿಲ್ಲ. ನನಗೇ ಆಶ್ಚರ್ಯ ಆಯ್ತು."

ವಾಕರ್ ಊರಿಕೊಂಡು ನಾಯಮ್ಮ ಜಗಲಿಗೆ ಬಂದಿದ್ದಳು. ಹಿಂದೆ ಗಂಡ, ಅವನ ಹಿಂದೆ ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡ ಮೈದುನ. ನಾಯಮ್ಮ ದೂರದಿಂದಲೇ ಆ ಮರಿಯನ್ನು ನೋಡಿದಳು.

"ಇದು ಹೊನ್ನಿ ಮರಿ ಅಲ್ಲ. ಹೊನ್ನಿ ಮರಿ ಐದೂ ಒಳಗಿವೆ."

ಮೈದುನ ಬ್ರಷ್ಷು ತೆಗೆದ. "ಅಮ್ಮನಿಗೆ ನೋವಿನ ಮಾತ್ರೆ ಕೊಡ್ತಿದೀವಿ ಡ್ರೈವರಣ್ಣ. ಲೆಕ್ಕ ತಪ್ಪುತ್ತೆ. ಹುಟ್ಟಿದ್ದು ಎಂಟು."

ನಾಯಮ್ಮ ಮಗನ ಕಡೆ ತಿರುಗಿದಳು. ಹೊಸ ಗಿರಾಕಿಯನ್ನು ಅಳೆಯುವಾಗ ನೋಡುತ್ತಿದ್ದ ಹಾಗೆ, ಅಡಿಯಿಂದ ಮುಡಿಯವರೆಗೆ, ಬಹುಶಃ ಮೊದಲ ಸಲ, ಅವನನ್ನು ನೋಡಿದಳು.

"ನೀನು ಹೇಳೇ," ಎಂದಳು ಸೊಸೆಗೆ. "ಹೆರಿಗೆ ಮಾಡಿಸಿದವಳು ನೀನು."

ಬಾಗಿಲಲ್ಲಿ ನಿಂತ ಗಂಡ ಬೇಡ ಎಂಬಂತೆ ಸ್ವಲ್ಪವೇ ತಲೆಯಾಡಿಸಿದ. ಹೊರಗಿನವನ ಮುಂದೆ ಮನೆಯ ಮಾನ. ಸೊಸೆಗೆ ಅದು ಕಾಣಲಿಲ್ಲವೆಂದಲ್ಲ.

"ಐದೇ ಹುಟ್ಟಿದ್ದು ಅಣ್ಣ. ನನ್ನ ಕೈಯಲ್ಲೇ ಹುಟ್ಟಿದ್ದು. ನಿಮ್ಮ ಕೈಲಿರೋದು ರಟ್ಟಿನ ಪೆಟ್ಟಿಗೇಲಿ ಬಂದದ್ದು. ಎಲ್ಲಿಂದ ಅಂತ ಇವನಿಗೆ ಗೊತ್ತು. ನಮ್ಮ ಮನೆ ಹೆಸರು ಹೇಳಿ ನಿಮಗೆ ಮೋಸ ಆಗಿದೆ." ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಈಗ ಮೊದಲು ನಾಯಿ ಡಾಕ್ಟರ ಹತ್ತಿರ ನಡೀರಿ. ಜಗಳಕ್ಕೆ ಸಂಜೆ ಇದೆ."

ಗಂಡ ಅಲ್ಲೇ ನಿಂತಿದ್ದ. ಆಮೇಲೆ ಗೋಡೆಯ ಮೊಳೆಯಿಂದ ಬೈಕಿನ ಕೀ ತೆಗೆದುಕೊಂಡ. "ನೀನಿರು. ನೀನು ಮುಟ್ಟಿ ಬಂದರೆ ಹೊನ್ನಿ ಮರಿಗಳಿಗೆ ಅಂಟುತ್ತೆ. ನಾನು ಹೋಗ್ತೀನಿ," ಎಂದು ಡ್ರೈವರನನ್ನು ಹಿಂದೆ ಕೂರಿಸಿಕೊಂಡು ಹೊರಟ. ಮದುವೆಯಾದ ಮೇಲೆ ಗಂಡ ಯಾರೂ ಗುಂಡಿ ಒತ್ತದೆ ತಾನಾಗಿ ಚಲಿಸಿದ್ದನ್ನು ಸೊಸೆ ಅವತ್ತೇ ಮೊದಲ ಸಲ ಕಂಡಳು.

ಡಾಕ್ಟರು ಪಾರ್ವೋ ಅಂದರು, ಎಳೇ ನಾಯಿಮರಿಗಳನ್ನು ಕೊಲ್ಲುವ ಅಂಟುರೋಗ. ಉಳಿದರೆ ಪುಣ್ಯ, ಡ್ರಿಪ್ ಹಾಕಿ ನೋಡೋಣ, ಮಾತು ಕೊಡಲ್ಲ. ಆ ಪೆಟ್ಟಿಗೆ ಇಟ್ಟಿದ್ದ ಜಾಗವನ್ನೆಲ್ಲ ಬ್ಲೀಚಿಂಗ್ ಹಾಕಿ ತೊಳೆಯಿರಿ, ನಿಮ್ಮ ಮರಿಗಳಲ್ಲಿ ಯಾವುದಾದರೂ ಊಟ ಬಿಟ್ಟರೆ ಆ ಕ್ಷಣ ತನ್ನಿ, ನಾನು ಹೇಳುವ ತನಕ ಒಂದನ್ನೂ ಹೊರಗೆ ಕೊಡಬೇಡಿ.

ಸಂಜೆಯ ಜಗಳ ಸಂಜೆಗೇ ಆಯಿತು. ಒಲೆಯ ಮೇಲೆ ಸೂಪು ಕುದಿದು ಕುದಿದು ಅರ್ಧವಾದರೂ ಯಾರೂ ಇಳಿಸಲಿಲ್ಲ.

"ಮೋಸ ಅಂತ ಮಾಡಲಿಲ್ಲಮ್ಮ," ಎಂದ ಮೈದುನ. "ಜನ ಕಾಯ್ತಿದ್ದರು, ಕೊಟ್ಟೆ. ಇಲ್ಲ ಅಂದರೆ ಬೇರೆ ಕಡೆ ಹೋಗ್ತಿದ್ದರು. ನಿನ್ನ ಹೆಸರು ಉಳೀಲಿ ಅಂತ."

"ಹೆಸರು ಉಳಿಸೋಕೆ ಹೆಸರನ್ನೇ ಮಾರಿದೆಯಾ?"

"ನೀನು ಮಾರಲ್ವಾ ಹಾಗಾದರೆ? ಪುಕ್ಕಟೆ ಕೊಡ್ತೀಯಾ?"

"ಮಾರ್ತೀನಿ. ಮಾರಿ, ಆಮೇಲೆ ಮುಖ ತೋರಿಸ್ತೀನಿ. ನಿನಗೆ ಡ್ರೈವರು ಎಷ್ಟು ಸಲ ಫೋನ್ ಮಾಡಿದ್ದ? ಎತ್ತಿದೆಯಾ?" ನಾಯಮ್ಮನ ದನಿ ಇಳಿಯಿತು. "ಮಾತ್ರೆಯಿಂದ ಲೆಕ್ಕ ತಪ್ಪಿದೆ ಅಂದೆ. ಊರಿನವನ ಮುಂದೆ ತಾಯಿಗೆ ಬುದ್ಧಿ ಕೆಟ್ಟಿದೆ ಅಂದೆ. ಸೊಂಟ ಮುರಿದಾಗ ನಾನು ಅಳಲಿಲ್ಲ ಕಣೋ."

"ಚಿಕ್ಕಪ್ಪ, ಈ ಮರಿ ಮಾರೋಕೆ ನೀವು ಫೋನಲ್ಲಿ ಬಿಟ್ಟ ಜಾಹೀರಾತಿಗೆ ಹಾಕಿದ್ದು ಹೊನ್ನಿ ಫೋಟೋ. ನಾನು ತೆಗೆದದ್ದು. ನನ್ನ ಫೋನಿಂದ ಕಳಿಸಿಕೊಂಡಿದ್ರಿ," ಎಂದಳು ಮೊಮ್ಮಗಳು.

"ಎಲ್ಲರೂ ಸೇರಿ ತಿನ್ನಿ ನನ್ನ. ಮನೆ ಬಿಟ್ಟು ಹೋಗ್ತೀನಿ, ಸಾಕಾ?"

"ಹೋಗುವಿಯಂತೆ," ಎಂದಳು ಸೊಸೆ, ಕೊನೆಗೂ ಸೂಪು ಇಳಿಸುತ್ತಾ. "ಉಳಿದೆರಡು ಮರಿ ಎಲ್ಲಿವೆ, ಮೂರೂ ಎಲ್ಲಿಂದ ಬಂದವು, ಅಷ್ಟೂ ಕಡೆ ನಾಳೆ ನನ್ನ ಜೊತೆ ಬಾ. ಆಮೇಲೂ ಹೋಗಬೇಕು ಅನ್ನಿಸಿದರೆ ಬಟ್ಟೆ ನಾನೇ ಮಡಚಿಕೊಡ್ತೀನಿ. ಈಗ ಊಟ ಮಾಡು."

ಮೊದಲ ಮನೆ ಕನ್ನಡಕದ ಅಂಗಡಿಯವನದು. ಮರಿ ಅಂಗಳದಲ್ಲಿ ಚಪ್ಪಲಿಯೊಂದನ್ನು ಎಳೆದಾಡುತ್ತಿತ್ತು, ಅದೃಷ್ಟಕ್ಕೆ ಗಟ್ಟಿಮುಟ್ಟಾಗಿತ್ತು. ಸೊಸೆ ಮುಚ್ಚುಮರೆ ಇಲ್ಲದೆ ಎಲ್ಲ ಹೇಳಿದಳು. ಬೇಡವಾದರೆ ವಾಪಸ್ ಕೊಡಿ, ಇಟ್ಟುಕೊಳ್ಳುವುದಾದರೆ ಇವತ್ತೇ ಡಾಕ್ಟರಿಗೆ ತೋರಿಸಿ ಎಂದಳು. ಅವನು ತಲೆ ಕೆರೆದುಕೊಂಡ. "ವಾಪಸ್ ಹೇಗೆ ಕೊಡೋದು? ನನ್ನ ಎರಡು ಜೊತೆ ಚಪ್ಪಲಿ ಅದರ ಹೊಟ್ಟೇಲಿದೆ. ಇನ್ನು ಅದು ನಮ್ಮದೇ."

ಎರಡನೆಯದು ಅಂಚೆಯಮ್ಮನ ಮನೆ, ಮಹಡಿಯ ಮೇಲಿನ ಎರಡು ಕೋಣೆ. ಬೀದಿ ಬೀದಿಗೆ ಕಾಗದ ಹಂಚುವವಳು. ಆಗಷ್ಟೇ ಬಂದು ಕಾಲಿಗೆ ಬಿಸಿನೀರು ಹಾಕಿಕೊಳ್ಳುತ್ತಿದ್ದಳು. ಮೂಲೆಯಲ್ಲಿ ಹೊಸ ತಟ್ಟೆ, ಹೊಸ ಕೊರಳಪಟ್ಟಿ. ಮರಿ ಇರಲಿಲ್ಲ.

"ಮೊನ್ನೆ ಹೋಯ್ತು," ಎಂದಳು ಅಂಚೆಯಮ್ಮ. "ಇಷ್ಟು ವರ್ಷ ಊರಿನ ನಾಯಿಗಳೆಲ್ಲ ನನ್ನ ಮೇಲೆ ಬೊಗಳಿವೆ. ನನಗೋಸ್ಕರ ಬೊಗಳೋ ಒಂದು ಬೇಕು ಅನ್ನಿಸಿತ್ತು." ಮೈದುನನ ಕಡೆ ನೋಡಿದಳು. "ಸತ್ತದ್ದಕ್ಕೆ ಸಿಟ್ಟಿಲ್ಲಪ್ಪ. ಎಳೇ ಜೀವ, ಸಾಯುತ್ತೆ. ನಾನು ಫೋನ್ ಮಾಡಿದೆ, ಮಾಡಿದೆ, ನೀನು ಎತ್ತಲಿಲ್ಲ. ಏನು ಕೊಡಬೇಕು, ಎಲ್ಲಿಗೆ ಒಯ್ಯಬೇಕು, ಅಷ್ಟು ಹೇಳೋಕೆ ನಿನಗೆ ಬಾಯಿರಲಿಲ್ವಾ?"

ಮಾತಿನಲ್ಲೇ ಮನೆ ಕಟ್ಟುವವನಿಗೆ ಒಂದು ಇಟ್ಟಿಗೆಯೂ ಸಿಗಲಿಲ್ಲ. ಅವಳ ಹಣವನ್ನು ಕವರಿನಲ್ಲಿಟ್ಟು ತಂದಿದ್ದ, ಮುಂದೆ ಚಾಚಿದ. "ಇದು ನನ್ನದು, ತಗೋತೀನಿ," ಎಂದು ಅವಳು ತೆಗೆದುಕೊಂಡಳು.

"ಒಂದು ಸಲ ನಮ್ಮ ಮನೆಗೆ ಬಂದು ಹೊನ್ನಿ ಮರಿಗಳನ್ನ ನೋಡಿ ಅಕ್ಕ," ಎಂದಳು ಸೊಸೆ.

"ನಿಮ್ಮ ಮನೆ ನನಗೆ ಗೊತ್ತು. ಆ ಬೀದಿಗೆ ಕಾಗದ ಹಾಕೋದೇ ನಾನು. ಬರೋದು ಬಿಡೋದು ನನ್ನಿಷ್ಟ."

ಕೊನೆಗೆ ಮರಿ ಬಂದ ಜಾಗ. ಊರ ಹೊರಗೆ, ಟೈಲ್ಸ್ ಗೋದಾಮಿನ ಹಿಂದೆ ತಗಡಿನ ಶೆಡ್ಡು. ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದ ಮಾಲೀಕ ನಗುನಗುತ್ತಲೇ ಎದ್ದ. "ಬನ್ನಿ ಬನ್ನಿ! ಯಾವ ಜಾತಿ ಬೇಕು? ಎಲ್ಲ ಇದೆ. ಇವತ್ತೇ ಒಯ್ಯಬಹುದು. ಬಣ್ಣ ಹೇಳಿ."

"ತಾಯಿ ನೋಡಬೇಕು," ಎಂದಳು ಸೊಸೆ.

"ತಾಯಿ ಈಗ ಇಲ್ಲಿಲ್ಲಮ್ಮ, ಹೊರಗೆ ಹೋಗಿದೆ."

"ಎಲ್ಲಿಗೆ, ಆಫೀಸಿಗಾ?" ಎನ್ನುತ್ತಾ ಅವಳು ಅವನನ್ನು ದಾಟಿ ಹೋಗಿ ತಗಡಿನ ಬಾಗಿಲು ತಳ್ಳಿಬಿಟ್ಟಳು.

ಮೊದಲು ಮುಖಕ್ಕೆ ಹೊಡೆದದ್ದು ವಾಸನೆ. ಒಂದರ ಮೇಲೊಂದು ಪಂಜರ. ನೆಲವೂ ತಂತಿಯದೇ, ಮೇಲಿನದರ ಹೊಲಸು ಕೆಳಗಿನದರ ಬೆನ್ನಿಗೆ. ಮೂಲೆಯ ಪಂಜರದಲ್ಲಿ ಹೊನ್ನಿಯದೇ ಬಣ್ಣದ ಲ್ಯಾಬ್ರಡಾರ್. ಕೆಚ್ಚಲು ನೆಲಕ್ಕೆ ಜೋತಿತ್ತು, ಕಾಲಿನ ಬೆರಳುಗಳು ತಂತಿಗೆ ಒಗ್ಗಿ ಅಗಲವಾಗಿ ಹರಡಿದ್ದವು. ಎಷ್ಟೋ ಬಾಣಂತನದಿಂದ ಹೊಟ್ಟೆ ಸಡಿಲಾಗಿ ಜೋಲುತ್ತಿತ್ತು. ಅಪರಿಚಿತರು ಬಂದರೂ ಅದು ಬೊಗಳಲಿಲ್ಲ, ತಲೆಯನ್ನೂ ಎತ್ತಲಿಲ್ಲ.

ಮೈದುನ ಹೊರಗೆ ಓಡಿ ಗೋಡೆ ಹಿಡಿದುಕೊಂಡು ವಾಂತಿ ಮಾಡಿದ. ಸೊಸೆ ಹೊರಗೆ ಬಂದಾಗ ಬಾಯಿ ಒರೆಸಿಕೊಳ್ಳುತ್ತಿದ್ದ. "ನಾನು ಗೇಟಿನ ಹತ್ತಿರಾನೇ ತಗೊಂಡಿದ್ದೆ ಅತ್ತಿಗೆ. ಒಳಗೆ ಬರಲಿಲ್ಲ."

"ಬೈಕ್ ಆಗಿದ್ದರೆ ಬಗ್ಗಿ ಚೈನಾದರೂ ನೋಡಿರ್ತಿದ್ದೆ," ಎಂದಳು. ಅದಕ್ಕಿಂತ ಹೆಚ್ಚು ಬೈಯಬೇಕು ಅನ್ನಿಸಲಿಲ್ಲ.

ಮೈದುನ ಮನೆ ಬಿಟ್ಟು ಹೋಗಲಿಲ್ಲ. ಅವತ್ತೇ ಮತ್ತೆ ಆ ಶೆಡ್ಡಿಗೆ ಹೋಗಿ ಇನ್ನೂ ಮರಿ ಬೇಕು ಎಂದು ಗಿರಾಕಿಯ ಹಾಗೆ ನಟಿಸಿ ಫೋಟೋ ತೆಗೆದುಕೊಂಡು, ಪ್ರಾಣಿರಕ್ಷಣೆಯ ಆಫೀಸಿಗೆ ಹೋಗಿ ಕೂತ. ಸಾಹೇಬರಿಲ್ಲ ಅಂದರು, ಮರುದಿನ ಬಂದು ಕೂತ. ಅರ್ಜಿ ಸರಿಯಿಲ್ಲ ಅಂದರು; ಸರಿಮಾಡಿ ತಂದ. ಅಲ್ಲಿನವರು ಅವನ ಮಾತು ತಡೆಯಲಾರದೆ, ಇವನನ್ನು ಎಬ್ಬಿಸಲಿಕ್ಕಾದರೂ ಆಗಲಿ ಎಂದು ವ್ಯಾನು ಹೊರಡಿಸಿದರಂತೆ. ಶೆಡ್ಡಿಗೆ ಬೀಗ ಬಿತ್ತು. ನಾಯಿಗಳು ಆಶ್ರಯಧಾಮಕ್ಕೆ ಹೋದವು. ಮಾಲೀಕ ನಾಳೆ ಇನ್ನೆಲ್ಲೋ ತಗಡು ಹೊಡೆಸುತ್ತಾನೆ ಎಂದ ಗಂಡ. "ಹೊಡೆಸಲಿ, ಅಲ್ಲಿಗೂ ಹೋಗ್ತೀನಿ," ಎಂದ ಮೈದುನ.

ಮನೆಯಲ್ಲಿ ಅಷ್ಟು ದಿನವೂ ಬ್ಲೀಚಿಂಗ್ ವಾಸನೆ. ಶೆಡ್ಡಿಗೆ ಹೋಗಿಬಂದ ಸೊಸೆ, ಮೈದುನ ಇಬ್ಬರೂ ಹಿತ್ತಲಲ್ಲೇ ಸ್ನಾನ ಮಾಡಿ, ಬಟ್ಟೆ ಬಿಸಿನೀರಿಗೆ ಹಾಕಿಯೇ ಒಳಗೆ ಬಂದಿದ್ದರು. ತಿಂದ ಬ್ರೆಡ್ಡಿಗೂ ಅದೇ ರುಚಿ. ಗಂಡ ಕೆಲಸಕ್ಕೆ ಹೋಗುವ ಮುಂಚೆ ದಿನವೂ ಕ್ಲಿನಿಕ್ಕಿಗೆ ಹೋಗಿ ಡ್ರೈವರನ ಮರಿಯನ್ನು ಹಿಡಿದುಕೊಂಡು ಕೂರುತ್ತಿದ್ದ, ಬಂದು ಬಾಗಿಲಾಚೆಯೇ ಬಟ್ಟೆ ಬದಲಿಸುತ್ತಿದ್ದ. ಒಂದು ಬೆಳಿಗ್ಗೆ ಮರಿ ಅವನ ಬೆರಳು ಕಚ್ಚಿತಂತೆ. ಆ ಗಾಯವನ್ನು ಪದಕದ ಹಾಗೆ ಎಲ್ಲರಿಗೂ ತೋರಿಸಿದ. ಮರಿ ಉಳಿಯಿತು, ಡ್ರೈವರು ಮನೆಗೆ ಒಯ್ದ. ಹೊನ್ನಿಯ ಮರಿಗಳಲ್ಲಿ ಒಂದು ಊಟ ಬಿಟ್ಟಾಗ ಮಾತ್ರ ಇಡೀ ಮನೆ ಉಸಿರು ಹಿಡಿದುಕೊಂಡಿತು. ಡಾಕ್ಟರು ಹೊಟ್ಟೆ ಒತ್ತಿ ನೋಡಿದರು, ಕಾದರು. ಮಧ್ಯಾಹ್ನ ಅದು ಮೊಮ್ಮಗಳ ಕಾಲುಚೀಲ ಕಕ್ಕಿ ತಟ್ಟೆಗೆ ಓಡಿತು. ಕೊನೆಗೆ ಡಾಕ್ಟರು ಪರವಾಗಿಲ್ಲ, ಇನ್ನು ಮರಿ ಕೊಡಬಹುದು ಎಂದರು.

ನಾಯಮ್ಮ ಫೋನನ್ನು ಸೊಸೆಯ ಮುಂದೆ ಇಟ್ಟಳು. "ಇನ್ನು ಮೇಲೆ ಮರಿ ಯಾರಿಗೆ ಅಂತ ನೀನೇ ನೋಡು. ನನಗೆ ಮನೆ ಒಳಗಿನವರನ್ನೇ ನೋಡೋಕೆ ಬರಲಿಲ್ಲ."

"ಒಬ್ಬಳೇ ನೋಡಲ್ಲ ಅತ್ತೆ. ನೀವೂ ಕೂತಿರಿ," ಎಂದಳು ಸೊಸೆ. ಆದರೆ ಫೋನು ತೆಗೆದುಕೊಂಡಳು.

ಅಂಚೆಯಮ್ಮ ಹೇಳದೆ ಕೇಳದೆ ಬಂದಳು, ಹೆಗಲ ಮೇಲೆ ಕಾಗದದ ಚೀಲ ಹಾಗೇ ಇತ್ತು. ಕುಳಿತುಕೊಳ್ಳಲಿಲ್ಲ. "ತಾಯಿ ಯಾವುದು?" ಎಂದಳು. ಹೊನ್ನಿ ಬಂದು ಅವಳ ಕೈ ಮೂಸಿತು. "ಇದರ ಹಿಂದಿನ ಮರಿಗಳು ಎಲ್ಲಿವೆ? ಒಬ್ಬರ ಮನೆ ಹೇಳಿ, ನಾನು ಹೋಗಿ ಕೇಳ್ತೀನಿ." ಕೇಳಿದಳು. ಡಾಕ್ಟರ ಹೆಸರು ಕೇಳಿದಳು, ಅಲ್ಲಿಗೂ ಹೋದಳು, ಅವರು ಹೇಳಿದ ಹಾಗೆ ತನ್ನ ಎರಡೂ ಕೋಣೆಯನ್ನು ಬ್ಲೀಚಿಂಗ್ ಹಾಕಿ ತೊಳೆದಳು. ಇನ್ನೊಂದು ದಿನ ಬಂದು "ಆ ಸಾಮಾನು ಕೋಣೆ ಬಾಗಿಲು ತೆಗೀರಿ" ಎಂದಳು. ಸೊಸೆ ತೆಗೆದಳು, ಅಲ್ಲಿ ಹಳೇ ಬಕೆಟ್ಟು, ಪೊರಕೆ ಬಿಟ್ಟರೆ ಏನೂ ಇರಲಿಲ್ಲ. "ಏನಾದರೂ ಆದರೆ ಫೋನ್ ಯಾರು ಎತ್ತೋದು?" "ನಾನು. ಓವನ್ ಮುಂದೆ ಇದ್ದರೆ ಬೇಕರಿಗೆ ಮಾಡಿ," ಎಂದು ಸೊಸೆ ಅಲ್ಲಿನ ನಂಬರೂ ಕೊಟ್ಟಳು. ಮರುದಿನ ಬೇಕರಿಗೆ ಫೋನು ಬಂತು. ಹಿಟ್ಟಿನ ಕೈಯಲ್ಲೇ ಎತ್ತಿದರೆ, "ಏನಿಲ್ಲ, ಎತ್ತುತ್ತೀರೋ ಇಲ್ಲವೋ ನೋಡಿದೆ," ಎಂದು ಅತ್ತ ಕಡೆ ಅಂಚೆಯಮ್ಮ ಇಟ್ಟುಬಿಟ್ಟಳು.

"ಇವಳು ನನ್ನನ್ನೂ ಮೀರಿಸಿದಳು!" ಎಂದು ನಾಯಮ್ಮ ಬಹಳ ದಿನದ ಮೇಲೆ ನಕ್ಕಳು.

ಕೊನೆಗೊಂದು ಸಂಜೆ ಅಂಚೆಯಮ್ಮ ಚೀಲ ಇಳಿಸಿ ನೆಲದ ಮೇಲೆ ಕೂತಳು. ಹುಟ್ಟುವಾಗ ಉಸಿರೇ ಎಳೆಯದ ಆ ಮರಿ ಬಂದು ಅವಳ ಮಡಿಲಲ್ಲಿ ಮಲಗಿತು. "ಇದನ್ನ ಕೊಡಿ," ಎಂದಳು.

ಎಲ್ಲರೂ ಸೊಸೆಯ ಮುಖ ನೋಡಿದರು. ಕೊಡು ಎಂದು ಗಂಡನ ಕಣ್ಣು, ಕೊಟ್ಟುಬಿಡಿ ಎಂದು ಮೈದುನನ ಕಣ್ಣು. ಈ ಮನೆಯಿಂದ ಪೆಟ್ಟು ತಿಂದವಳು, ಇವಳಿಗೆ ಕೊಡದೆ ಇನ್ಯಾರಿಗೆ? ಸೊಸೆ ನೆಲದ ಮೇಲೆ ಅವಳೆದುರಿಗೆ ಕೂತಳು.

"ಅಕ್ಕ, ನೀವು ಬೆಳಿಗ್ಗೆ ಹೋದರೆ ಬರೋದು ಸಂಜೆ. ಅಷ್ಟು ಹೊತ್ತು ಇಷ್ಟು ಎಳೇ ಮರಿ ಒಂದೇ ಇರಬೇಕು. ನಾನು ಕೊಡಲ್ಲ."

"ಅತ್ತಿಗೆ!" ಎಂದ ಮೈದುನ.

"ನಿಮಗೆ ನಮ್ಮಿಂದ ಅನ್ಯಾಯ ಆಗಿದೆ, ನಿಜ. ಅದನ್ನ ತೀರಿಸೋಕೆ ಈ ಮರಿ ಒಂಟಿಯಾಗಿ ಅಳಬೇಕಾಗಿಲ್ಲ. ಬಯ್ಯಿರಿ, ಕೇಳ್ತೀನಿ. ಹಾಗೆ ಮಾತ್ರ ಕೊಡಲ್ಲ."

ಅಂಚೆಯಮ್ಮ ಮರಿಯ ಕಿವಿಯನ್ನು ಬೆರಳಲ್ಲಿ ಮಡಚಿ, ಬಿಡಿಸಿದಳು. "ಇಷ್ಟು ದಿನ ನೀವು ಏನು ಕೇಳಿದರೂ ಹೂಂ ಹೂಂ ಅಂದಿರಿ. ನನಗೆ ಅದೇ ಅನುಮಾನ ಇತ್ತು. ಈಗ ನಂಬಿಕೆ ಬಂತು." ಚೀಲ ಹತ್ತಿರ ಎಳೆದುಕೊಂಡಳು. "ನನ್ನ ದಾರಿ ಹೇಗೂ ಈ ಬೀದೀಲೇ. ಬೆಳಿಗ್ಗೆ ತಂದು ತಾಯಿ ಹತ್ತಿರ ಬಿಡ್ತೀನಿ, ಸಂಜೆ ಕರ್ಕೊಂಡು ಹೋಗ್ತೀನಿ. ಕೆಲಸಕ್ಕೆ ಹೋದಾಗ ಒಂದೇ ಇರೋಷ್ಟು ದೊಡ್ಡದಾಗೋ ತನಕ. ಆಗುತ್ತಾ?"

ಸೊಸೆ ಅತ್ತೆಯ ಕಡೆ ನೋಡಿದಳು. ಅತ್ತೆ ಚಾವಣಿ ನೋಡಿದಳು. ನಿರ್ಧಾರ ನಿನ್ನದು ಎಂದು ಅದರ ಅರ್ಥ.

"ಆಗುತ್ತೆ," ಎಂದಳು ಸೊಸೆ.

"ಹಗಲು ಹೊತ್ತು ಇಲ್ಲಿ ಇದನ್ನ ನೋಡ್ಕೊಳ್ಳೋದು ಯಾರು?"

"ನಾನು," ಎಂದು ಮೈದುನ ಮುಂದೆ ಬಂದ. "ಅಂಗಡಿಯಿಂದ ನಡುನಡುವೆ ಬಂದು ನಾನೇ ನೋಡ್ಕೋತೀನಿ. ಮಾತು ಕೊಡ್ತೀನಿ."

"ನೀನಲ್ಲ," ಎಂದಳು ಸೊಸೆ. "ಇನ್ನೂ ಇಲ್ಲ. ಅತ್ತೆ ಇದಾರೆ, ಮಧ್ಯಾಹ್ನದಿಂದ ನಾನಿರ್ತೀನಿ. ನೀನು ಸದ್ಯಕ್ಕೆ ನೆಲ ಒರೆಸು."

ಮೈದುನ ಅಭ್ಯಾಸ ಬಲದಿಂದ ಅಮ್ಮನ ಮುಖ ನೋಡಿದ. ನಾಯಮ್ಮ ವಾಕರ್ ಹತ್ತಿರ ಎಳೆದುಕೊಂಡು, ಎದ್ದು ನಿಲ್ಲುವ ಸಿದ್ಧತೆ ಮಾಡಿಕೊಳ್ಳುತ್ತಿದ್ದಳು.

"ಬಕೆಟ್ಟು ಹಿತ್ತಲಲ್ಲಿದೆ ಕಣೋ," ಎಂದಳು.